ಸೋಮವಾರ ಬೆಳಗಿನ ಜಾವದ ಕುಸ್ತಿ

ಆಳಂದ
೩೦ ಜೂನ್ ೧೯೯೭, ಸೋಮವಾರ

ಪ್ರೀತಿಯ ಗುರುಶಾಂತಾ,

‘ಉರಿವ ದೀಪ ಯಾರ ಹೆಸರನ್ನೂ ಕೇಳುವುದಿಲ್ಲ’ ಎಂಬ ಸಾಲೊಂದು ಬೆಳಿಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಮುಂದಿನ ಅರ್ಧ ಮರೆತಿದ್ದೇನೆ. ಎಂ.ಎ. ಓದುವಾಗ ಯಾರೋ ಹೇಳಿದ್ದೋ, ಯಾವುದೋ ಹಳೆಯ ಮಾಸಪತ್ರಿಕೆಯಲ್ಲಿ ಕಂಡದ್ದೋ, ಅದೂ ನೆನಪಿಲ್ಲ. ಯೋಚಿಸಿದರೆ ಸಾಲೇ ಸುಳ್ಳೆನಿಸುತ್ತದೆ. ನಮ್ಮ ಓಣಿಯಲ್ಲಿ ಒಂದು ದೀಪ ಹೊತ್ತು ಮೀರಿ ಉರಿದರೆ ಸಾಕು, ಯಾರದು, ಯಾಕೆ ಎಂಬುದನ್ನು ಬೆಳಗಾಗುವುದರೊಳಗೆ ನಾಲ್ಕು ಮನೆಯವರು ತೀರ್ಮಾನಿಸಿರುತ್ತಾರೆ.

ನೀನು ಇಜೇರಿ ಮುಟ್ಟಿದ ಸುದ್ದಿ ತಿಳಿಯಿತು. ಅಣ್ಣನ ಮನೆಗೆ ಬಂದು ಎರಡು ದಿನ ಇದ್ದು ಹೋದೆ. ನಿಮ್ಮ ಅಣ್ಣ ಬಸವಂತರಾಯರು ಇಲ್ಲದ ಮನೆಗೂ ನೀನು ತವರೆಂದೇ ಬರುತ್ತೀಯಲ್ಲ, ಅದು ನನಗೆ ದೊಡ್ಡದು. ಆದರೆ ಒಂದು ಮಾತು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸೀಟಿ ಊದಿದ ಮೇಲೂ ನೀನು ಬಗ್ಗಿ ನನ್ನ ಕಾಲು ಮುಟ್ಟಿದೆ. ಹಿರಿಯಳೆಂದು ಯಾವಾಗಲೂ ಮುಟ್ಟುವವಳೇ. ಈ ಸಲ ಆ ಕೈಯನ್ನು ಕಣ್ಣಿಗೊತ್ತಿಕೊಂಡೆ. ಅದು ನನಗೆ ಸರಿಬರಲಿಲ್ಲ.

ಎದುರು ಮನೆಯ ಜೈತುನಬಿ ನಿನ್ನ ಮುಂದೆ ಏನೋ ಹೇಳಿದ್ದಾಳೆ. ಬಾಯಾರು, ಎಂದರೆ ನಾನು, ಬಸವ ಜಯಂತಿಯಿಂದ ಸೋಮವಾರದ ವ್ರತ ಹಿಡಿದಿದ್ದಾರೆ, ರಾತ್ರಿಯೆಲ್ಲ ಮಲಗುವುದಿಲ್ಲ, ನಸುಕಿಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂಡುತ್ತಾರೆ ಎಂದು. ಅವಳು ಒಳ್ಳೆಯ ಹೆಂಗಸು, ಕಂಡದ್ದನ್ನು ಹೇಳಿದಳು. ನೀನು ಅದನ್ನು ದೊಡ್ಡದು ಮಾಡಬೇಡ. ಅಂದು ಭಾನುವಾರ ಮಧ್ಯಾಹ್ನ ನೀನಾಗಿಯೇ, ನಾಳೆ ಸೋಮವಾರ, ನಿಮಗೆ ಅಡ್ಡಿಯಾಗಬಾರದು ಎಂದು ಹೊರಟೆ. ಇನ್ನೊಂದು ದಿನ ಇರು ಎಂದು ನಾನು ಅನ್ನಲಿಲ್ಲ. ಅನ್ನಬೇಕಿತ್ತು.

ಕಾಲೇಜು ಶುರುವಾಗಿದೆ. ಮನೆಯಲ್ಲಿ ಹೊತ್ತು ಹೋಗದಾಗ ನಿಮ್ಮ ಅಣ್ಣ ತಂದಿಟ್ಟ ಟಿ.ವಿ. ಇದೆ. ನನ್ನ ಹಳೆಯ ವಿದ್ಯಾರ್ಥಿ ದಶರಥ ಈಗ ಕೇಬಲ್ ನಡೆಸುತ್ತಾನೆ, ನಮ್ಮ ಮನೆಗೂ ವೈರ್ ಎಳೆದಿದ್ದಾನೆ. ಬೇಸರವಾದಾಗ ಸ್ವಲ್ಪ ನೋಡುತ್ತೇನೆ.

ಬಸುರಿ ಮಗಳು ಭಾಗಮ್ಮನನ್ನು ಯಾವಾಗ ತವರಿಗೆ ಕರೆತರುತ್ತೀ? ತಿಳಿಸು.

ನಿನ್ನ
ಶಿವಕಾಂತಾ ವೈನಿ

*

ಇಜೇರಿ
೯ ಜುಲೈ ೧೯೯೭

ಪೂಜ್ಯ ವೈನಿಯವರ ಪಾದಗಳಿಗೆ ನಿಮ್ಮ ನಾದಿನಿ ಗುರುಶಾಂತಾಳ ಶರಣು ಶರಣಾರ್ಥಿ.

ನಿಮ್ಮ ಪತ್ರ ಬಂತು. ನೀವು ಏನೇ ಅನ್ನಿರಿ, ನಾನು ಕಣ್ಣಿಗೊತ್ತಿಕೊಂಡದ್ದು ನಿಮ್ಮ ಕಾಲನ್ನಲ್ಲ, ನೀವು ಹಿಡಿದಿರುವ ಸೋಮವಾರವನ್ನು. ಕಲಿತವರು ದೇವರನ್ನು ಮರೆಯುತ್ತಾರೆ ಎಂದು ನಮ್ಮ ಕಡೆ ಮಾತಾಡುತ್ತಾರೆ. ಈಗ ನಾನು ಎಲ್ಲರಿಗೂ ನಿಮ್ಮ ಹೆಸರು ಹೇಳುತ್ತೇನೆ.

ಭಾಗಮ್ಮನನ್ನು ಮೊನ್ನೆ ಕರೆತಂದೆವು. ಆರು ತಿಂಗಳು ತುಂಬಿದೆ. ದಾರಿಯಲ್ಲಿ ಘತ್ತರಗಿಗೆ ಹೋಗಿ ಭಾಗ್ಯವಂತಿಗೆ ಉಡಿ ತುಂಬಿ ಬಂದೆವು. ಆ ತಾಯಿಗೆ ಬೇಡಿಕೊಂಡ ಮೇಲೆ ಹುಟ್ಟಿದವಳಲ್ಲವೆ ಇವಳು. ಆದರೆ ವೈನಿ, ನನ್ನ ಜೀವ ನಿಲ್ಲುತ್ತಿಲ್ಲ. ಮೊದಲನೆಯದು ಐದು ತಿಂಗಳಿಗೆ ಹೋಯಿತು. ಎರಡನೆಯದು ಗುಲಬರ್ಗಾದ ದವಾಖಾನೆಯಲ್ಲಿ ಹುಟ್ಟಿ, ನಾವು ಮುಖ ನೋಡುವುದರೊಳಗೆ ಹೋಯಿತು. ಇದು ಮೂರನೆಯದು. ಇದೂ ಹೋದರೆ ಅವಳ ಅತ್ತೆ ಮಗನಿಗೆ ಬೇರೆ ಹುಡುಗಿ ನೋಡುತ್ತಾಳೆ ಎಂದು ಭಾಗಮ್ಮ ಒಳಗೊಳಗೇ ಅಳುತ್ತಾಳೆ. ನನಗೆ ಅಳಿಯನ ಮನೆಯ ಚಿಂತೆ ಇಲ್ಲ. ಮಗಳು ಉಳಿಯಬೇಕು, ಕೂಸು ಉಳಿಯಬೇಕು.

ಅದಕ್ಕೆ ಒಂದು ಬೇಡಿಕೆ. ಸೋಮವಾರ ನಸುಕಿನಲ್ಲಿ ನೀವು ಅಂಗೈಯಲ್ಲಿ ಲಿಂಗ ಹಿಡಿದು ಕೂತಾಗ ಭಾಗಮ್ಮನ ಹೆಸರು ತೆಗೆದುಕೊಳ್ಳಿರಿ. ಒಂದು ಸಲ ಸಾಕು.

ನಮ್ಮ ಮನೆಯವರು ನಗುತ್ತಾರೆ. ಅವರ ಸ್ವಭಾವ ನಿಮಗೆ ಗೊತ್ತಿದೆ. ‘ನಿಮ್ಮ ವೈನಿ ರಾತ್ರಿಯೆಲ್ಲಾ ಎಚ್ಚರ ಇರ್ತಾರ, ನೀ ಹಗಲೆಲ್ಲಾ ಗೊರಕಿ ಹೊಡೀತಿ. ಇಬ್ಬರ ಪುಣ್ಯ ಕೂಡಿಸಿದರ ನಮ್ಮ ಪಾಲಿಗಿ ಏನೂ ಉಳಿಯಂಗಿಲ್ಲ ಬೇ,’ ಎಂದರು. ಆದರೂ ಪತ್ರ ಮುಗಿಸುವಾಗ, ದೌಲತರಾಯನೂ ನಮಸ್ಕಾರ ಹೇಳಿದ್ದಾನೆ ಅಂತ ಬರೀ ಎಂದು ತಮ್ಮದೇ ಹೆಸರು ಹೇಳಿದರು.

ನಿಮ್ಮ
ಗುರುಶಾಂತಾ

*

ಆಳಂದ
೨೧ ಜುಲೈ ೧೯೯೭, ಸೋಮವಾರ

ಪ್ರೀತಿಯ ಗುರುಶಾಂತಾ,

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಮೂರು ಸಲ ಬರೆಯಲು ಕೂತು ಎದ್ದೆ.

ಭಾಗಮ್ಮನ ಹೆಸರು ತೆಗೆದುಕೊಂಡೆ. ಅದನ್ನು ನಿನಗೆ ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಮೇಲೆ ಭಾರ ಹಾಕಬೇಡ. ನನ್ನ ಸೋಮವಾರಕ್ಕೆ ಅಂಥ ಶಕ್ತಿ ಇಲ್ಲ. ನಾನು ನೀನು ತಿಳಿದಷ್ಟು ಯೋಗ್ಯಳೂ ಅಲ್ಲ. ಇದನ್ನು ಸುಮ್ಮನೆ ಬಾಯಿಮಾತಿಗೆ ಅನ್ನುತ್ತಿಲ್ಲ. ಊರಲ್ಲಿ ನನ್ನ ಹೆಸರು ಹೇಳಿಕೊಂಡು ಓಡಾಡುವುದನ್ನು ದಯವಿಟ್ಟು ನಿಲ್ಲಿಸು. ಮೊನ್ನೆ ಕಾಲೇಜಿನ ಜವಾನ ಸೈದಪ್ಪ ಕೂಡ, ‘ಮೇಡಂ, ಸೋಮವಾರ ನಿಮಗ ಚಹಾ ತರಬೇಕೋ ಬ್ಯಾಡೋ?’ ಎಂದು ಕೈಕಟ್ಟಿ ಕೇಳಿದ. ತರಬೇಡ ಎಂದೆ. ಕಣ್ಣು ಉರಿಯುತ್ತಿದ್ದವು, ಚಹಾ ಬೇಕೇ ಬೇಕಿತ್ತು. ಆದರೂ ಬೇಡವೆಂದೆ. ಆಗಿನಿಂದ ನನ್ನ ಮೇಲೆ ನನಗೇ ಅಸಹ್ಯ.

ಭಾಗಮ್ಮನನ್ನು ಒಳ್ಳೆಯ ಡಾಕ್ಟರರಿಗೆ ತೋರಿಸು. ಅವರು ಹೇಳಿದ್ದನ್ನು ಮಾಡು. ನನ್ನಿಂದ ಆಗುವ ಸಹಾಯ ಇಷ್ಟೇ, ಈ ಮಾತು.

ಶಿವಕಾಂತಾ

*

ಇಜೇರಿ
೬ ಆಗಸ್ಟ್ ೧೯೯೭

ಪೂಜ್ಯ ವೈನಿಯವರಿಗೆ ಶರಣು.

ದೊಡ್ಡವರು ತಮ್ಮನ್ನು ಸಣ್ಣವರೆಂದೇ ಹೇಳಿಕೊಳ್ಳುತ್ತಾರೆ. ನಿಮ್ಮ ಪತ್ರವನ್ನು ಭಾಗಮ್ಮನಿಗೆ ಓದಿ ಹೇಳಿದೆ. ‘ಅತ್ತಿ ನನ್ನ ಹೆಸರು ತಗೊಂಡಾರ,’ ಎಂದು ಅವಳು ಅಂದು ಹೊಟ್ಟೆ ತುಂಬ ಉಂಡಳು. ಸೋಮವಾರ ನೀವು ಚಹಾ ಸಹ ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಪಂಚಮಿ ಬಂತು. ಉಂಡಿ ಕಟ್ಟಿದ್ದೇನೆ. ಬೇವಿನ ಗಿಡಕ್ಕೆ ಹುಡುಗಿಯರು ಜೋಕಾಲಿ ಕಟ್ಟಿದ್ದಾರೆ. ಭಾಗಮ್ಮ ಕಿಟಕಿಯಲ್ಲಿ ಕೂತು ನೋಡುತ್ತಾಳೆ. ಅವಳ ಕಾಲು ಬಾತಿವೆ. ಬೆರಳಿಂದ ಒತ್ತಿದರೆ ಗುಂಡಿ ಬಿದ್ದು ಹಾಗೇ ಉಳಿಯುತ್ತದೆ. ತಲೆನೋವು ಅನ್ನುತ್ತಾಳೆ. ಜೇವರ್ಗಿಯ ಡಾಕ್ಟರಮ್ಮ ನೋಡಿ, ಬಿ.ಪಿ. ಏರಿದೆ, ಗುಲಬರ್ಗಾಕ್ಕೆ ಒಯ್ದು ದೊಡ್ಡ ದವಾಖಾನೆಗೆ ಸೇರಿಸಿರಿ, ತಡಮಾಡಬೇಡಿರಿ ಎಂದರು. ನಮ್ಮ ಮನೆಯವರು ಅಂದೇ ಜೀಪು ತರಲು ಹೊರಟಿದ್ದರು. ನಾನು ಬೇಡವೆಂದೆ.

ಕೇಳಿರಿ ವೈನಿ. ಗುಲಬರ್ಗಾಕ್ಕೆ ಹೋಗಬೇಕಾದರೆ ಭೀಮಾ ಹೊಳೆ ದಾಟಬೇಕು. ಹೊಟ್ಟೆಯಲ್ಲಿ ಕೂಸಿದ್ದವಳು ಹರಕೆ ಅರ್ಧದಲ್ಲಿರುವಾಗ ತುಂಬಿದ ಹೊಳೆ ದಾಟಬಾರದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಹೋದ ಸಲ ದಾಟಿದೆವು, ಏನಾಯಿತು? ಜೈತುನಬಿ ಹೇಳಿದಂತೆ ಬಸವ ಜಯಂತಿಯಿಂದ ನಾನು ಲೆಕ್ಕ ಹಾಕಿದ್ದೇನೆ. ಶ್ರಾವಣ ಮುಗಿಯುವುದರೊಳಗೆ ನಿಮ್ಮ ಹದಿನಾರು ಸೋಮವಾರ ಆಗುತ್ತವೆ. ಅಲ್ಲಿಯವರೆಗೆ ಭಾಗಮ್ಮನನ್ನು ಎಲ್ಲಿಗೂ ಕದಲಿಸುವುದಿಲ್ಲ. ನಿಮ್ಮ ವ್ರತ ಮುಗಿದ ಮರುದಿನ ಹೊಳೆ ದಾಟುತ್ತೇವೆ. ನಮ್ಮ ಮನೆಯವರ ಜೊತೆ ಮಾತು ಬಿಟ್ಟಿದ್ದೇನೆ.

ನೀವು ಮಾತ್ರ ಒಂದು ಸೋಮವಾರವನ್ನೂ ತಪ್ಪಿಸಬೇಡಿರಿ.

ಮಳೆಗೆ ಪೋಸ್ಟ್ ಆಫೀಸಿನ ಫೋನು ಕೆಟ್ಟು ಕೂತಿದೆ. ಪತ್ರವನ್ನೇ ಬರೆಯಿರಿ.

ಗುರುಶಾಂತಾ

*

ಆಳಂದ
೧೨ ಆಗಸ್ಟ್ ೧೯೯೭, ಮಂಗಳವಾರ

ಗುರುಶಾಂತಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ದಶರಥ ಸಾಮಾನು ತರಲು ಗುಲಬರ್ಗಾಕ್ಕೆ ಹೊರಟಿದ್ದಾನೆ. ಇಜೇರಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, ನಿಮ್ಮೂರ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಳಿಸಲು ಹೇಳುತ್ತಾನೆ. ಇದು ಕೈಗೆ ಬಂದ ಕೂಡಲೇ ಭಾಗಮ್ಮನನ್ನು ಜೀಪಿನಲ್ಲಿ ಕೂರಿಸು. ಉಳಿದದ್ದನ್ನು ದಾರಿಯಲ್ಲಿ ಓದು.

ನಾನು ಯಾವ ವ್ರತವನ್ನೂ ಹಿಡಿದಿಲ್ಲ. ಹದಿನಾರು ಸೋಮವಾರವೂ ಇಲ್ಲ, ಒಂದು ಸೋಮವಾರವೂ ಇಲ್ಲ. ನನ್ನ ಮನೆಯಲ್ಲಿ ಬೆಳಗಿನ ಜಾವ ಉರಿಯುವ ದೀಪದ ಕೆಳಗೆ ನಾನು ಟಿ.ವಿ.ಯಲ್ಲಿ ಕುಸ್ತಿ ನೋಡುತ್ತ ಕೂತಿರುತ್ತೇನೆ.

ಈ ಸಾಲು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಯೋಗ್ಯಳಲ್ಲ ಎಂದು ಹಿಂದೆ ಬರೆದದ್ದನ್ನು ನೀನು ವಿನಯವೆಂದುಕೊಂಡೆ. ಅರ್ಧ ಹೇಳಿದರೆ ನೀನು ಹಾಗೆಯೇ ತಿಳಿಯುತ್ತೀ ಎಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಅರ್ಧ ಹೇಳಿದೆ. ಆದ್ದರಿಂದ ಈಗ ನಿನಗೆ ಬೇಡವಾದಷ್ಟು ಹೇಳುತ್ತೇನೆ, ನಂಬಿಕೆ ಪೂರ್ತಿ ಹೋಗಲಿ ಎಂದು.

ಇದು ನಿಮ್ಮೂರ ಗರಡಿಯ ಕೆಂಪು ಮಣ್ಣಿನ ಕುಸ್ತಿಯಲ್ಲ. ಅಮೆರಿಕದ್ದು. ಸುತ್ತ ಹಗ್ಗ ಕಟ್ಟಿದ ಅಟ್ಟದ ಮೇಲೆ ಬಣ್ಣದ ಚಡ್ಡಿ ತೊಟ್ಟ ದಾಂಡಿಗರು ಒಬ್ಬರನ್ನೊಬ್ಬರು ಎತ್ತಿ ಒಗೆಯುತ್ತಾರೆ, ಕುರ್ಚಿಯಿಂದ ಬಡಿಯುತ್ತಾರೆ, ಬೈದಾಡುತ್ತಾರೆ. ಅವರು ಭಾನುವಾರ ಸಂಜೆಯ ಮೋಜಿಗೆ ಆಡುವುದು ನಮ್ಮ ಕಡೆಗೆ ಸೋಮವಾರ ಬೆಳಗಿನ ಜಾವಕ್ಕೆ ಬರುತ್ತದೆ. ನಾನು ಸೋಮವಾರ ಹಿಡಿದದ್ದು ಹೀಗೆ. ಗೆಲ್ಲುವವನೂ ಸೋಲುವವನೂ ಮೊದಲೇ ಗೊತ್ತಾಗಿರುತ್ತದೆ ಎಂದು ದಶರಥ ಹೇಳಿದ. ಅದು ನನಗೂ ನೋಡಿದರೆ ತಿಳಿಯುತ್ತದೆ. ಸುಳ್ಳೆಂದು ತಿಳಿದೂ ನೋಡುತ್ತೇನೆ.

ಬಿಗ್ ಆರ್ಚಿ ಎಂದೊಬ್ಬನಿದ್ದಾನೆ. ವಯಸ್ಸು ನನ್ನಷ್ಟೇ ಇರಬಹುದು. ಬೋಳು ತಲೆ, ಜೋತ ಹೊಟ್ಟೆ, ನೀಲಿ ಚಡ್ಡಿ, ಎಡ ಮೊಣಕಾಲಿಗೆ ಬಿಳಿ ಪಟ್ಟಿ. ಹೊಸ ಹುಡುಗರ ಕೈಯಲ್ಲಿ ವಾರವಾರ ಸೋಲುವುದೇ ಅವನ ಕೆಲಸ. ಒಂದು ಸಲ ಅವನು ಎದುರಾಳಿಯನ್ನು ಎತ್ತಿ ಒಗೆಯುವಾಗ, ಆ ಹುಡುಗನ ಕತ್ತಿನ ಕೆಳಗೆ ಯಾರಿಗೂ ಕಾಣದಂತೆ ತನ್ನ ಅಂಗೈ ಇಟ್ಟದ್ದನ್ನು ನೋಡಿದೆ. ಪೆಟ್ಟಾಗಬಾರದೆಂದು. ಕೂಡಲೇ ಎದ್ದು ನಿಂತು ಹಲ್ಲು ಕಡಿದು ಅದೇ ಹುಡುಗನನ್ನು ಬೈದ. ಅಂದಿನಿಂದ ನಾನು ಅವನನ್ನು ಬಿಡಲಾರದವಳಾದೆ.

ಮಲಗಿದರೆ ಎಚ್ಚರವಾಗದೆಂದು ಭಾನುವಾರ ರಾತ್ರಿ ಮಲಗುವುದೇ ಇಲ್ಲ. ಕಾಲೇಜಿನ ನೋಟ್ಸ್ ಬರೆಯುವ ನೆಪದಲ್ಲಿ ಕೂತು, ಹುರಿದ ಶೇಂಗಾ ತಿನ್ನುತ್ತ, ಹಳೆಯ ಪಂದ್ಯಗಳನ್ನೆಲ್ಲ ನೋಡುತ್ತೇನೆ. ಟಿ.ವಿ.ಯ ನೀಲಿ ಬೆಳಕು ಓಣಿಗೆ ಕಂಡೀತೆಂದು ಮುಂದಿನ ಕೋಣೆಯ ದೀಪ ಹಚ್ಚಿಡುತ್ತೇನೆ. ಜೈತುನಬಿ ಕಂಡದ್ದು ಆ ದೀಪ. ನೇರ ಪ್ರಸಾರ ಶುರುವಾಗುವ ಹೊತ್ತಿಗೆ ಕರೆಂಟ್ ಹೋದರೆ ಕತ್ತಲಲ್ಲಿ ಕೈಮುಗಿದು ನಿಲ್ಲುತ್ತೇನೆ. ಸೋಮವಾರ ನಾನು ಮನಸ್ಸಿಟ್ಟು ಮಾಡಿದ ಪ್ರಾರ್ಥನೆ ಅದೊಂದೇ.

ಮರುದಿನ ಸಂಜೆ ಅದೇ ಕುಸ್ತಿಯನ್ನು ಮತ್ತೆ ತೋರಿಸುತ್ತಾರೆ. ಆಗ ನೋಡಬಹುದಲ್ಲ ಎಂದು ನೀನು ಕೇಳಬಹುದು. ಆಗ ನನಗೆ ಬೇಡ. ಅವನು ಬೀಳುತ್ತಿರುವ ಗಳಿಗೆಯಲ್ಲಿಯೇ ನಾನು ಎಚ್ಚರವಿರಬೇಕು. ಇಲ್ಲಿ ಆಳಂದದಲ್ಲಿ ನಾನು ಕಣ್ಣು ತೆರೆದು ಕೂತಿದ್ದರೆ ಅಲ್ಲಿ ಅವನು ಏಳುತ್ತಾನೆ ಎಂದು ನನ್ನೊಳಗೆ ಯಾರೋ ನಂಬಿಕೊಂಡಿದ್ದಾರೆ. ‘ಏಳೋ ನನ್ನಪ್ಪಾ, ಏಳೋ’ ಎನ್ನುತ್ತೇನೆ, ಸೆರಗು ಬಾಯಿಗೆ ತುರುಕಿಕೊಂಡು. ಬಳಿಕ ಸ್ನಾನ ಮಾಡಿ ಪೂಜೆಗೆ ಕೂಡುತ್ತೇನೆ. ಅಂಗೈಯಲ್ಲಿ ಲಿಂಗ ಇರುತ್ತದೆ, ಕಣ್ಣು ಮುಚ್ಚಿದರೆ ಅವನ ಬೆವೆತ ಬೆನ್ನು. ಭಾಗಮ್ಮನ ಹೆಸರು ತೆಗೆದುಕೊಂಡದ್ದು ಹೌದು. ಎರಡು ಪಂದ್ಯಗಳ ನಡುವೆ, ಸಾಬೂನಿನ ಜಾಹೀರಾತು ಬಂದಾಗ. ಮುಂದಿನ ವಾರ ಅದನ್ನೂ ಮರೆತೆ.

ಇನ್ನು ಉಳಿದದ್ದು. ಇದನ್ನು ಬರೆಯದೆ ಮುಗಿಸಬಹುದೇ ಎಂದು ನೋಡಿದೆ, ಆಗುವುದಿಲ್ಲ.

ನಿನ್ನ ಪತ್ರ ಶನಿವಾರ ಮಧ್ಯಾಹ್ನವೇ ನನ್ನ ಕೈಗೆ ಬಂತು. ನಿಂತಲ್ಲೇ ಓದಿದೆ. ಬಿ.ಪಿ. ಎಂದರೇನು, ಕಾಲು ಬಾತರೆ ಏನು ಎಂಬುದು ತಿಳಿಯದ ಹೆಂಗಸಲ್ಲ ನಾನು. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕೆಂದು ಚೀಲಕ್ಕೆ ಎರಡು ಸೀರೆ ಹಾಕಿದೆ. ಆದರೆ ಈ ಸೋಮವಾರ ಆರ್ಚಿಯ ಕಡೆಯ ಕುಸ್ತಿ ಇತ್ತು. ತಿಂಗಳಿಂದ ಸಾರುತ್ತಿದ್ದರು. ಒಂದು ದಿನದಲ್ಲಿ ಏನಾಗುತ್ತದೆ, ಸೋಮವಾರ ಹೊರಟರಾಯಿತು ಎಂದುಕೊಂಡೆ. ಚೀಲವನ್ನು ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ತಳ್ಳಿದೆ. ಭಾನುವಾರ ಇಡೀ ಮನೆಯಲ್ಲಿದ್ದೆ. ರಾತ್ರಿ ಕೂತೆ. ಅವನು ಸೋತ. ಅಟ್ಟದ ನಡುವೆ ಕೂತು ಬೂಟಿನ ದಾರ ಬಿಚ್ಚಿ, ಎರಡೂ ಬೂಟುಗಳನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಇಳಿದುಹೋದ. ನಾನು ಅತ್ತೆ. ನಿಮ್ಮ ಅಣ್ಣ ಹೋದಾಗ ನಾಲ್ಕು ಜನರೆದುರು ಅಳಲಾರದೆ ನಿಂತಿದ್ದೆನಲ್ಲ, ಹಾಗಲ್ಲ. ಗೋಡೆಗೆ ಆತು ದನಿ ತೆಗೆದು ಅತ್ತೆ. ಅಳು ನಿಂತ ಮೇಲೆ ಮಂಚದ ಕೆಳಗಿನ ಚೀಲ ಕಾಣಿಸಿತು.

ನಿನ್ನೆ ಹೊರಡಲಿಲ್ಲ. ನಿನ್ನ ಮುಖದೆದುರು ಇದನ್ನು ಹೇಳುವ ಧೈರ್ಯ ಬರಲಿಲ್ಲ. ಇಂದು ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ, ದಶರಥ ಬಾಗಿಲಲ್ಲಿ ಕಾಯುತ್ತಿದ್ದಾನೆ.

ಕಾಯಬೇಕಾದ ಸೋಮವಾರ ಯಾವುದೂ ಇಲ್ಲ ಗುರುಶಾಂತಾ. ಹೊಳೆ ದಾಟು.

ಶಿವಕಾಂತಾ

*

ಗುಲಬರ್ಗಾ
೨೭ ಆಗಸ್ಟ್ ೧೯೯೭

ವೈನಿಯವರಿಗೆ,

ದವಾಖಾನೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ.

ನಿಮ್ಮ ಪತ್ರ ಬುಧವಾರ ಸಂಜೆ ಬಂತು. ಮೊದಲ ಹಾಳೆ ಓದಿ ನಮ್ಮ ಮನೆಯವರ ಕೈಗೆ ಕೊಟ್ಟೆ. ಅವರು ಓದಿದವರೇ ಜೀಪು ತರಲು ಹೋದರು. ಕಟ್ಟಿಸಂಗಾವಿಯ ಹತ್ತಿರ, ಸೇತುವೆಯ ಮೇಲೆ, ಭಾಗಮ್ಮನಿಗೆ ಫಿಟ್ಸ್ ಬಂತು. ಅವಳ ಹಲ್ಲಿನ ನಡುವೆ ನನ್ನ ಸೆರಗು ತುರುಕಿ ಹಿಡಿದುಕೊಂಡು ಬಂದೆ. ಅದೇ ರಾತ್ರಿ ಆಪರೇಶನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಅಂಗೈಯಷ್ಟಿದೆ. ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಭಾಗಮ್ಮನಿಗೆ ಕೆಲವು ದಿನ ಕಣ್ಣು ಕಾಣಲಿಲ್ಲ. ಈಗ ಕಾಣುತ್ತಿದೆ. ಇಬ್ಬರೂ ಉಳಿಯುತ್ತಾರೆ ಎನ್ನುತ್ತಾರೆ.

ಎರಡು ದಿನ ಮೊದಲು ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರರು ಬೈದರು. ಆ ಎರಡು ದಿನ ಯಾವುವೆಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ, ನಿಮಗೂ ಗೊತ್ತಿದೆ.

ಸಿಟ್ಟು ಇದೆ. ಇಲ್ಲವೆಂದರೆ ನಾನೂ ಸುಳ್ಳು ಹೇಳಿದಂತೆ. ನೀವು ಕುಸ್ತಿ ನೋಡಿದಿರಿ ಎಂದು ನನಗೆ ಸಿಟ್ಟಿಲ್ಲ. ಒಬ್ಬರೇ ಇರುತ್ತೀರಿ, ಏನಾದರೂ ನೋಡಿಕೊಳ್ಳಿರಿ. ಆದರೆ ಜುಲೈಯಲ್ಲಿಯೇ ಒಂದು ಸಾಲು ಬರೆಯಬಹುದಿತ್ತು. ನಾನು ನಗುತ್ತಿದ್ದೆ. ನಮ್ಮ ಮನೆಯವರಂತೂ ವಾರಗಟ್ಟಲೆ ನಗುತ್ತಿದ್ದರು. ನಮ್ಮ ನಗುವಿಗೆ ಅಷ್ಟು ಹೆದರಿದಿರಾ?

ನನ್ನದೂ ಒಂದು ತಪ್ಪು ಇದೆ. ಈ ವರಾಂಡದಲ್ಲಿಯೇ ಹೋದ ಸಲ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ನನ್ನ ಕೈಗೆ ಕೊಟ್ಟಿದ್ದರು. ಮತ್ತೆ ಇಲ್ಲಿಗೆ ಬರಲು ನನಗೆ ಕಾಲು ಏಳುತ್ತಿರಲಿಲ್ಲ. ನಿಮ್ಮ ಸೋಮವಾರ ಇರದಿದ್ದರೆ ನಾನು ಬೇರೆ ಯಾವುದನ್ನಾದರೂ ಹಿಡಿದುಕೊಂಡು ಕೂಡುತ್ತಿದ್ದೆನೇನೋ. ಇದನ್ನು ಮನೆಯವರಿಗೆ ಹೇಳಿಲ್ಲ. ತಪ್ಪೆಲ್ಲ ನಿಮ್ಮದೆಂದು ಅವರು ತಿಳಿದಿದ್ದಾರೆ. ನಾನು ಹಾಗೆಯೇ ಬಿಟ್ಟಿದ್ದೇನೆ.

ಭಾಗಮ್ಮ ಕಣ್ಣು ಬಿಟ್ಟ ದಿನ ಮೊದಲು ಕೇಳಿದ್ದು, ‘ಯವ್ವಾ, ಅತ್ತೀದು ಸೋಮವಾರ ಮುಗೀತಾ?’ ಎಂದು. ಮುಗಿಯಿತು ಎಂದೆ. ಅವಳಿಗೆ ನಿಜ ಹೇಳಬೇಕಾದವಳು ನಾನಲ್ಲ.

ಗುರುಶಾಂತಾ

*

ಆಳಂದ
೯ ಸೆಪ್ಟೆಂಬರ್ ೧೯೯೭, ಮಂಗಳವಾರ

ಗುರುಶಾಂತಾ,

ನಿನ್ನ ಪತ್ರ ಮೇಜಿನ ಮೇಲಿದೆ. ಕೂಸಿನ ಗಾಜಿನ ಪೆಟ್ಟಿಗೆಯ ಸಾಲನ್ನು ದಿನಾ ಓದುತ್ತೇನೆ, ಎರಡು ದಿನದ ಸಾಲನ್ನು ಓದಲಾರದೆ ಕೈಯಿಂದ ಮುಚ್ಚಿ ಹಿಡಿಯುತ್ತೇನೆ.

ಭಾಗಮ್ಮನಿಗೆ ನಾನೇ ಹೇಳುತ್ತೇನೆ. ಅವಳು ಎದ್ದು ಕೂಡುವಂತಾದ ಮೇಲೆ, ನೀನು ಬಾ ಎಂದ ದಿನ ಬರುತ್ತೇನೆ. ಬೇಡವೆಂದರೆ ಕಾಯುತ್ತೇನೆ. ನಿಮ್ಮ ಮನೆಯವರು ತಪ್ಪೆಲ್ಲ ನನ್ನದೆಂದು ತಿಳಿದಿದ್ದರೆ ಹಾಗೆಯೇ ಇರಲಿ, ಅದನ್ನು ತಿದ್ದಬೇಡ. ನಿನ್ನ ಪಾಲನ್ನು ಹೊರುವುದು ನನಗೆ ಕಷ್ಟವಲ್ಲ. ನನ್ನದೇ ಕಷ್ಟ.

ಆ ಮಂಗಳವಾರದಿಂದ ಟಿ.ವಿ. ಹಚ್ಚಿಲ್ಲ. ವೈರ್ ಕಿತ್ತುಬಿಡು ಎಂದು ದಶರಥನಿಗೆ ಹೇಳಿದೆ. ‘ಮೇಡಂ, ಆರ್ಚಿ ಹೋದರ ಹೋದ, ಇನ್ನೂ ಭಾಳ ಮಂದಿ ಅದಾರ,’ ಎಂದ. ನನ್ನ ಆರ್ಚಿಯ ಗುಟ್ಟೂ ಅವನಿಗೆ ಮೊದಲಿನಿಂದ ಗೊತ್ತಿತ್ತೆಂದು ನನಗೆ ಆಗ ಹೊಳೆಯಿತು. ತಲೆ ಎತ್ತದೆ ಒಳಗೆ ಬಂದೆ. ಕಾಲೇಜಿನಲ್ಲಿ ಸೈದಪ್ಪನಿಗೆ ಸೋಮವಾರ ಚಹಾ ತರಲು ಹೇಳಿದ್ದೇನೆ. ಯಾಕ್ರಿ, ಮುಗೀತೇನ್ರಿ ಎಂದ. ನಾನು ಹಿಡಿದೇ ಇರಲಿಲ್ಲ ಸೈದಪ್ಪ ಎಂದೆ. ಅವನೂ ವಿನಯವೆಂದೇ ತಿಳಿದ. ಮರುವಾರ ಮತ್ತೆ ಹೇಳಿದೆ, ಕುಸ್ತಿಯ ಹೆಸರು ಹಿಡಿದು. ಈಗ ಸ್ಟಾಫ್ ರೂಮಿನಲ್ಲಿ ನಾನು ಹೋದಾಗ ಮಾತು ನಿಲ್ಲುತ್ತದೆ.

ಭಾನುವಾರ ರಾತ್ರಿ ಬೇಗ ಮಲಗುತ್ತೇನೆ, ನಿದ್ದೆ ಬರುವುದಿಲ್ಲ. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡಿರುತ್ತೇನೆ. ಪೂಜೆಗೆ ಕೂತರೆ ಈಗ ಅವನ ಬೆನ್ನು ಕಾಣುವುದಿಲ್ಲ. ಸೇತುವೆ ಕಾಣುತ್ತದೆ.

ನಿನ್ನೆ ಸಂಜೆ ಜೈತುನಬಿ ಬಾಗಿಲಿಗೆ ಬಂದಳು. ಹೊಸ್ತಿಲಾಚೆಯೇ ನಿಂತು, ಬಾಯಾರಿಗೆ ಆರಾಮ ಇಲ್ಲವೇ ಎಂದು ಕೇಳಿದಳು. ಇವಳಿಗೂ ಹೇಳಿಬಿಡಬೇಕು ಎನಿಸಿತು. ನೀನು ಕಂಡ ದೀಪ ವ್ರತದ್ದಲ್ಲ ಜೈತುನಬಿ, ನಾನು ಟಿ.ವಿ.ಯಲ್ಲಿ ಕುಸ್ತಿ ನೋಡುತ್ತಿದ್ದೆ ಎಂದೆ.

‘ಗೊತ್ತದರಿ,’ ಎಂದಳು. ‘ನನ್ನ ಕಿಡಕಿ, ನಿಮ್ಮ ಕಿಡಕಿ ಎದುರಾಬದುರಾ ಅವ. ಗ್ವಾಡಿ ಮ್ಯಾಲ ನೀಲಿ ಬೆಳಕು ಕುಣೀತಿತ್ತು. ಏಳೋ ನನ್ನಪ್ಪಾ ಅಂತಿದ್ರಿ. ದೇವರಿಗಿ ಯಾರು ಹಂಗ ಎಬ್ಬಸ್ತಾರ್ರಿ?’

ಹಾಗಾದರೆ ಗುರುಶಾಂತಾಳ ಮುಂದೆ ವ್ರತವೆಂದು ಯಾಕೆ ಹೇಳಿದೆ, ಆ ಮಾತಿನಿಂದ ಏನಾಯಿತು ಗೊತ್ತೇ ಎಂದು ದನಿ ಏರಿಸಿ ಕೇಳಿದೆ. ನಡೆದದ್ದನ್ನು ಹೇಳಿದೆ. ಅವಳು ಹೊಸ್ತಿಲ ಮೇಲೆ ಕುಕ್ಕರಿಸಿದಳು. ಕೂಸು ಉಳಿದಿದೆಯಲ್ಲ ಎಂದು ಎರಡು ಸಲ ಕೇಳಿದಳು.

‘ಓಣ್ಯಾಗ ಮಂದಿ ಕೇಳಾಕತ್ತಿದ್ದರು ಬಾಯಾರ,’ ಎಂದಳು ಕೊನೆಗೆ. ‘ಗಂಡ ಇಲ್ಲದ ಹೆಣ್ಮಗಳ ಮನ್ಯಾಗ ನಸುಕಿನ್ಯಾಗ ದೀಪ ಉರೀತದ, ಗಂಡಸರ ದನಿ ಕೇಳ್ತದ, ಏನದು ಅಂತ. ಅವರು ಒಂದು ಅನ್ನೂಕಿಂತ ಮೊದಲ ನಾ ಒಂದು ಅಂದೆ. ಸೋಮವಾರ ಹಿಡಿದಾರ, ವಚನದ ಕ್ಯಾಸೆಟ್ ಹಚ್ತಾರ ಅಂದೆ. ಅವರಿಗಿ ಅಂದಿದ್ದೇ ನಿಮ್ಮ ನಾದಿನಿಗೂ ಅಂದೆ. ಅಷ್ಟು ದೂರ ಹೋಗ್ತದಂತ ನನಗೇನು ಗೊತ್ತರಿ.’

ಒಳಗೆ ಬಾ ಎಂದೆ. ಬರಲಿಲ್ಲ, ಒಲೆಯ ಮೇಲೆ ಅನ್ನವಿದೆ ಎಂದು ಎದ್ದಳು. ಮೆಟ್ಟಿಲಿಳಿದವಳು ಓಣಿಯ ನಡುವೆ ನಿಂತು ತಿರುಗಿದಳು. ತಾನು ಬಂದದ್ದು ಬೇರೆ ಕೆಲಸಕ್ಕೆ, ಅದೇ ಮರೆತುಹೋಯಿತು ಎಂದಳು.

‘ನಾ ಸೋಮವಾರದ ರೋಜಾ ಹಿಡೀತೇನಿ ಬಾಯಾರ. ಮಸೂತಿ ಬಾಂಗಿಗಿ ಮೊದಲ ಎದ್ದು ಒಂದು ರೊಟ್ಟಿ ತಿನ್ನಬೇಕು. ನಿಮ್ಮ ದೀಪ ಕಿಡಕ್ಯಾಗ ಬಿದ್ದರ ನನಗ ಎಚ್ಚರ ಆಗ್ತಿತ್ತು. ಏನರೆ ನೋಡ್ರಿ, ಏನೂ ನೋಡಬ್ಯಾಡ್ರಿ, ದೀಪ ಅಷ್ಟು ಹಚ್ಚರಿ. ನಾಕು ವಾರ ಆತು, ಉಪವಾಸದ ಮ್ಯಾಲ ಉಪವಾಸ ಹೊಂಟದ.’